ಯಡ್ರಾಮಿಯ ಹೊಸ ನರ್ಸ್‌ಗಳೇ, ಏಜೆಂಟನ ಬಾಗಿಲು ಬಡಿಯುವ ಮುನ್ನ

ನಮ್ಮ ಕರಾವಳಿಯಲ್ಲಿ ಗಲ್ಫ್ ಹೊಸ ಮಾತಲ್ಲ. ವೀಸಾ ಅಸಲಿಯೋ ನಕಲಿಯೋ ಎಂದು ವಿಚಾರಿಸಲು ದಮ್ಮಾಮಿನಲ್ಲೋ ದುಬೈಯಲ್ಲೋ ಒಬ್ಬ ಕಾಕ ಇದ್ದೇ ಇರುತ್ತಾರೆ. ಕಲಬುರಗಿ ಜಿಲ್ಲೆಯ ಯಡ್ರಾಮಿಯಲ್ಲಿ ಆ ಅನುಕೂಲ ಕಡಿಮೆ. ಜೇವರ್ಗಿಯಿಂದ ಬೇರ್ಪಟ್ಟು ತಾಲ್ಲೂಕಾಗಿ ಕೆಲವೇ ವರ್ಷಗಳಾದ, ತೊಗರಿ ಹತ್ತಿ ಬೆಳೆಯುವ ಊರು. ಆ ಕಡೆಯ ಮಕ್ಕಳು ಕಲಬುರಗಿಯಲ್ಲೋ, ನಮ್ಮ ಮಂಗಳೂರಿಗೇ ಬಂದೋ ನರ್ಸಿಂಗ್ ಮುಗಿಸುತ್ತಾರೆ. ನೋಂದಣಿ ಪತ್ರ ಕೈಗೆ ಬಂತು ಅಂದ್ರೆ ಮುಂದೆ ಕೇಳಲು ಯಾರಿದ್ದಾರೆ? ನೇರ ಏಜೆಂಟನ ಬಳಿಗೆ. "ರೊಕ್ಕ ಕೊಟ್ರ ಎಲ್ಲಾ ಅವರ ಮಾಡ್ತಾರಂತ್ರೀ" ಎಂಬ ನಂಬಿಕೆ ಬೇರೆ.

ಎಲ್ಲವನ್ನೂ ಏಜೆಂಟ್ ಮಾಡಲಾರ. ಮುಖ್ಯವಾದ ಕೆಲಸಗಳೆಲ್ಲ ನಿಮ್ಮ ಕೈಯಲ್ಲೇ ಇವೆ, ಮತ್ತು ಅವಕ್ಕೆ ಖರ್ಚೂ ಕಡಿಮೆ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿ ಒಂದು ಬಗೆ, ಆಧಾರ್‌ನಲ್ಲಿ ಮನೆತನದ ಹೆಸರು ಸೇರಿ ಇನ್ನೊಂದು ಬಗೆ, ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯಲ್ಲಿ ಬರೀ ಇನಿಷಿಯಲ್. ಆ ಸೀಮೆಯಲ್ಲಿ ಇದು ಮಾಮೂಲು. ಊರಲ್ಲಿ ಯಾರೂ ಕೇಳುವುದಿಲ್ಲ, ಆದರೆ ಪರದೇಶದ ಕಡತದಲ್ಲಿ ಒಂದಕ್ಷರ ತಪ್ಪಿದರೂ ಅಫಿಡವಿಟ್ಟಿನ ಹಿಂದೆ ತಿಂಗಳುಗಟ್ಟಲೆ ಅಲೆದಾಟ. ಪಾಸ್‌ಪೋರ್ಟ್ ಮಾಡಿಸುವಾಗಲೇ ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ಬರೀ ಒಂದೇ ಹೆಸರಿನ ಪಾಸ್‌ಪೋರ್ಟ್ ಬೇಡ. 2022ರ ನವೆಂಬರ್‌ನಿಂದ ಯುಎಇ ಅಂಥವರಿಗೆ ಪ್ರವಾಸಿ ವೀಸಾ ಕೊಡುವುದನ್ನೇ ನಿಲ್ಲಿಸಿತು.

ಆಮೇಲೆ ಅನುಭವ. ಗಲ್ಫ್ ಆಸ್ಪತ್ರೆಗಳು ಸಾಮಾನ್ಯವಾಗಿ ಎರಡು ವರ್ಷದ ವಾರ್ಡ್ ಕೆಲಸ ಕೇಳುತ್ತವೆ. ಸಂಬಳ ಕಡಿಮೆ ಅಂತ ಮೂಗು ಮುರಿಯದೆ ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ, ಆದರೆ ಐಸಿಯುನಲ್ಲೋ ಡಯಾಲಿಸಿಸ್‌ನಲ್ಲೋ ಸೇರಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ಮುಂದೆ 'ಡೇಟಾಫ್ಲೋ' ಎಂಬ ಪರಿಶೀಲನೆ ಇದೆ. ನೀವು ಕೊಟ್ಟ ಪತ್ರ ನಿಜವೇ ಎಂದು ಅವರು ಕಾಲೇಜಿಗೆ, ಪರಿಷತ್ತಿಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತಾರೆ. ಉತ್ತರ ಕೊಡುವವರೇ ಇಲ್ಲದ ಸಣ್ಣ ನರ್ಸಿಂಗ್ ಹೋಮ್ ಆದರೆ ಕಷ್ಟ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ದಾಖಲೆ ಎಲ್ಲ ಮೊದಲ ದಿನದಿಂದಲೇ ಜೋಪಾನ ಮಾಡಿ. 'ಅನುಭವದ ಸರ್ಟಿಫಿಕೇಟ್ ನಾವೇ ಮಾಡಿಸಿಕೊಡ್ತೇವೆ' ಅನ್ನುವ ಏಜೆಂಟನ ಕಚೇರಿಯಿಂದ ಎದ್ದು ಬನ್ನಿ. ನಕಲಿ ಎಂದು ವರದಿ ಬಂದರೆ ಸಿಕ್ಕಿಬೀಳುವುದು ಅವನಲ್ಲ, ನೀವು.

ಸೌದಿಗೆ, ದುಬೈಗೆ ಪ್ರೊಮೆಟ್ರಿಕ್ ಕೇಂದ್ರದಲ್ಲಿ ಕಂಪ್ಯೂಟರ್ ಪರೀಕ್ಷೆ ಉಂಟು. ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಪತ್ರವನ್ನು ಅವಸರಪಟ್ಟು ತೆಗೆಸಬೇಡಿ, ಅದರ ಅವಧಿ ಬೇಗ ಮುಗಿಯುತ್ತದೆ. ಸೌದಿ, ಒಮಾನ್, ಬಹರೈನ್‌ಗೆ ಪ್ರಮಾಣಪತ್ರದ ಮೇಲೆ ಅಪೋಸ್ಟಿಲ್ ಮುದ್ರೆ ಸಾಕು. ಯುಎಇ, ಕತಾರ್, ಕುವೈತ್‌ಗೆ ರಾಯಭಾರ ಕಚೇರಿಯ ದೃಢೀಕರಣ ಬೇಕು.

ಈಗ ಹೆಚ್ಚಿನವರು ಎಡವುವ ಜಾಗ. ಹತ್ತನೇ ಕ್ಲಾಸ್ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನರ್ಸ್‌ಗಳಿಗೆ ಈ ವಿನಾಯಿತಿ ಇಲ್ಲ! 2015ರಿಂದ, ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್ ಯಾವ ಬಗೆಯ ಪಾಸ್‌ಪೋರ್ಟ್ ಹಿಡಿದಿದ್ದರೂ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಲೇಬೇಕು. 'ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಎಂಬುದು ಈ ಅನುಮತಿಯನ್ನು ತಪ್ಪಿಸುವ ಉಪಾಯ. ಹಾಗೆ ಹೋದವರಿಗೆ ಸಹಿ ಮಾಡಿದ ಒಪ್ಪಂದವೂ ಇಲ್ಲ, ವಿಮೆಯೂ ಇಲ್ಲ.

ಆ ನಿಯಮ ಸುಮ್ಮನೆ ಬಂದದ್ದಲ್ಲ. ಅದೇ 2015ರಲ್ಲಿ ಕೊಚ್ಚಿಯ ಏಜೆನ್ಸಿಯೊಂದು ಕುವೈತ್‌ಗೆ ಹೊರಟ ನರ್ಸ್‌ಗಳಿಂದ 19,500 ರೂಪಾಯಿಯ ಬದಲು 19.5 ಲಕ್ಷ ವಸೂಲಿ ಮಾಡಿದ ಆರೋಪ ಹೊರಬಿದ್ದು ಸಿಬಿಐ ತನಿಖೆ ನಡೆಯಿತು. ಆಗ ಕೇಂದ್ರ ಸರ್ಕಾರ ನರ್ಸ್‌ಗಳ ನೇಮಕವನ್ನು ಮೊದಲಿಗೆ ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳಿಗೇ ವಹಿಸಿತ್ತು. ಈಗ ಕರ್ನಾಟಕದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಯಡ್ರಾಮಿಯ ಎಷ್ಟು ಮನೆಗಳಿಗೆ ಈ ಸುದ್ದಿ ಮುಟ್ಟಿದೆಯೋ! ಫಿಲಿಪ್ಪೀನ್ಸ್‌ನವರು ಇದಕ್ಕಾಗಿ 1982ರಲ್ಲೇ ಪ್ರತ್ಯೇಕ ಸರ್ಕಾರಿ ಇಲಾಖೆ ಕಟ್ಟಿಕೊಂಡರು. ಹೊರಡುವ ಮುನ್ನ ತಿಳಿವಳಿಕೆ ತರಗತಿಗೆ ಕೂರುವುದು ಅಲ್ಲಿ ಕಡ್ಡಾಯ.

ಖಾಸಗಿ ಏಜೆಂಟ್ ಆದರೆ ಅವನ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಕಾನೂನು ಪ್ರಕಾರ ಅವನು ಪಡೆಯಬಹುದಾದ ಸೇವಾಶುಲ್ಕ 30,000 ರೂ., ಜಿಎಸ್‌ಟಿ ಸೇರಿ 35,400. ಅದಕ್ಕೂ ರಶೀದಿ ಬೇಕು. ಅದಕ್ಕಿಂತ ಹೆಚ್ಚು ಕೇಳಿದನೆಂದು ತೊಗರಿ ಹೊಲ ಅಡವಿಡುವ ಅಪ್ಪಂದಿರಿಗೆ ಈ ಒಂದು ಅಂಕಿಯನ್ನಾದರೂ ಮಕ್ಕಳು ಹೇಳಬೇಕು.

ಬ್ರಿಟನ್ ದಾರಿ ಬೇರೆ. ಅಲ್ಲಿ ಐಇಎಲ್‌ಟಿಎಸ್ ಅಥವಾ ಒಇಟಿ ಇಂಗ್ಲಿಷ್ ಪರೀಕ್ಷೆ, ಆಮೇಲೆ ವೃತ್ತಿ ಪರೀಕ್ಷೆ. ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಕಲಿಯಬೇಕು. ಸಮಯ ಹಿಡಿಯುತ್ತದೆ, ಆದರೆ ವಾರ್ಡಿನ ಎರಡು ವರ್ಷದ ಜೊತೆಯಲ್ಲೇ ಕಲಿಯಬಹುದು.

ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ಮೂಲ ಸಂಬಳ, ಡ್ಯೂಟಿ ಗಂಟೆ, ವಸತಿ, ವಾಪಸ್ ಟಿಕೆಟ್ ಇವನ್ನು ಬಿಡಿಬಿಡಿಯಾಗಿ ಓದಿಸಿಕೊಳ್ಳಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಗೆ ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375. ಒಪ್ಪಂದ, ಪಾಸ್‌ಪೋರ್ಟ್, ವಿಮೆ, ಇವುಗಳ ಒಂದೊಂದು ಪ್ರತಿ ಯಡ್ರಾಮಿಯ ಮನೆಯ ಟ್ರಂಕಿನಲ್ಲೂ ಇರಲಿ.