ಲಂಡನ್ ಸಾರಿಗೆಯಲ್ಲಿ ಸಂಪರ್ಕರಹಿತ ಪಾವತಿ

ಲಂಡನ್ ಸಾರಿಗೆಯಲ್ಲಿ ಸಂಪರ್ಕರಹಿತ ಪಾವತಿ ಎಂಬುದು ಬ್ರಿಟನ್ನಿನ ರಾಜಧಾನಿ ಲಂಡನ್ ನಗರದ ಬಸ್ಸು, ಸುರಂಗ ರೈಲು, ಟ್ರಾಮ್ ಮತ್ತು ಉಪನಗರ ರೈಲುಗಳಲ್ಲಿ ಬಳಕೆಯಲ್ಲಿರುವ ಪ್ರಯಾಣ ದರ ಪಾವತಿಯ ವಿಧಾನವಾಗಿದೆ. ಇದರಲ್ಲಿ ಪ್ರಯಾಣಿಕರು ಪ್ರತ್ಯೇಕ ಟಿಕೆಟ್ ಕೊಳ್ಳುವುದಿಲ್ಲ. ತಮ್ಮ ಬ್ಯಾಂಕ್ ಕಾರ್ಡನ್ನು ಅಥವಾ ಆ ಕಾರ್ಡನ್ನು ಅಳವಡಿಸಿಕೊಂಡ ಮೊಬೈಲ್ ಫೋನನ್ನು ಗೇಟಿನ ರೀಡರ್‌ಗೆ ತಾಗಿಸಿ ಒಳಹೋಗುತ್ತಾರೆ ಮತ್ತು ಹಾಗೆಯೇ ತಾಗಿಸಿ ಹೊರಬರುತ್ತಾರೆ. ನಗರದ ಸಾರಿಗೆಯನ್ನು ನಿರ್ವಹಿಸುವ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ (ಟಿಎಫ್‌ಎಲ್) ಸಂಸ್ಥೆಯು ಈ ವ್ಯವಸ್ಥೆಯನ್ನು 2012ರಲ್ಲಿ ಬಸ್ಸುಗಳಲ್ಲಿಯೂ 2014ರಲ್ಲಿ ರೈಲುಗಳಲ್ಲಿಯೂ ಜಾರಿಗೆ ತಂದಿತು. ಬೇರೆ ದೇಶಗಳ ಬ್ಯಾಂಕುಗಳು ನೀಡಿದ ಕಾರ್ಡುಗಳೂ ಇಲ್ಲಿ ಸ್ವೀಕೃತವಾಗುವುದರಿಂದ, ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಟಿಕೆಟ್ ಕೌಂಟರಿನ ಸರತಿಯಲ್ಲಿ ನಿಲ್ಲದೆ ಪ್ರಯಾಣ ಆರಂಭಿಸಬಹುದು.

## ಇತಿಹಾಸ

ಲಂಡನ್ನಿನಲ್ಲಿ 2003ರಲ್ಲಿ ಆಯ್‌ಸ್ಟರ್ ಎಂಬ ಸಾರಿಗೆ ಕಾರ್ಡು ಬಳಕೆಗೆ ಬಂದಿತು. ಪ್ರಯಾಣಿಕರು ಮುಂಗಡವಾಗಿ ಹಣ ತುಂಬಿಸಿ, ಪ್ರತಿ ಪ್ರಯಾಣಕ್ಕೂ ಕಾರ್ಡಿನಿಂದ ದರ ಕಡಿತವಾಗುವ ಪದ್ಧತಿ ಇದಾಗಿತ್ತು. ಕೆಲವೇ ದಿನ ಉಳಿಯುವ ಪ್ರವಾಸಿಗರು ಕೂಡ ಈ ಕಾರ್ಡನ್ನು ಕೊಳ್ಳುವುದಿತ್ತು ಮತ್ತು ಹಿಂತಿರುಗುವಾಗ ಅದರಲ್ಲಿ ಸ್ವಲ್ಪ ಹಣ ಉಳಿದಿರುವುದೂ ಉಂಟಾಗಿತ್ತು.

2012ರ ಡಿಸೆಂಬರ್‌ನಲ್ಲಿ ಬಸ್ಸುಗಳಲ್ಲಿ ಬ್ಯಾಂಕ್ ಕಾರ್ಡುಗಳನ್ನು ಸ್ವೀಕರಿಸುವ ಕ್ರಮ ಆರಂಭವಾಯಿತು. 2014ರ ಜುಲೈ 6ರಿಂದ ಬಸ್ಸುಗಳಲ್ಲಿ ನಗದು ಸ್ವೀಕಾರವನ್ನು ನಿಲ್ಲಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 16ರಂದು ಸುರಂಗ ರೈಲು, ಡಾಕ್‌ಲ್ಯಾಂಡ್ಸ್ ಲಘು ರೈಲು (ಡಿಎಲ್‌ಆರ್), ಓವರ್‌ಗ್ರೌಂಡ್, ಟ್ರಾಮ್ ಹಾಗೂ ನಗರ ವ್ಯಾಪ್ತಿಯ ಬಹುತೇಕ ರಾಷ್ಟ್ರೀಯ ರೈಲು ಮಾರ್ಗಗಳಿಗೆ ಈ ವ್ಯವಸ್ಥೆ ವಿಸ್ತರಣೆಗೊಂಡಿತು. 2015ರ ಜುಲೈನಲ್ಲಿ ಆಪಲ್ ಪೇ ಮತ್ತು 2016ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ ಪೇ ಬ್ರಿಟನ್ನಿಗೆ ಬಂದವು. ಆ ಬಳಿಕ ಕಾರ್ಡಿನ ಬದಲು ಫೋನನ್ನೇ ಗೇಟಿಗೆ ತಾಗಿಸುವ ರೂಢಿ ಹರಡಿತು.

## ಕಾರ್ಯವಿಧಾನ

ಫೋನು ಮತ್ತು ಗೇಟಿನ ನಡುವಿನ ಸಂವಹನವು ಸಮೀಪ ಕ್ಷೇತ್ರ ಸಂವಹನ (ಎನ್‌ಎಫ್‌ಸಿ) ಎಂಬ ತಂತ್ರಜ್ಞಾನದ ಮೂಲಕ ನಡೆಯುತ್ತದೆ. ಇದು 13.56 ಮೆಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಗಳನ್ನು ಬಳಸುತ್ತದೆ ಮತ್ತು ಕೆಲವು ಸೆಂಟಿಮೀಟರುಗಳಷ್ಟು ದೂರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ದಟ್ಟಣೆಯ ವೇಳೆಯಲ್ಲಿ ಗೇಟಿನ ಮುಂದೆ ಜನ ನಿಲ್ಲದಂತೆ ಮಾಡಲು, ಅರ್ಧ ಸೆಕೆಂಡಿನೊಳಗೆ ಓದುವಿಕೆ ಮುಗಿಯಬೇಕೆಂಬ ನಿಯಮವನ್ನು ಟಿಎಫ್‌ಎಲ್ ಅನುಸರಿಸುತ್ತದೆ.

ಇಷ್ಟು ಅಲ್ಪ ಅವಧಿಯಲ್ಲಿ ದೂರದ ದೇಶದ ಬ್ಯಾಂಕನ್ನು ಸಂಪರ್ಕಿಸಿ ಅನುಮತಿ ಪಡೆಯಲು ಸಾಧ್ಯವಿಲ್ಲ. ಆದುದರಿಂದ ಗೇಟು ಕಾರ್ಡಿನ ನೈಜತೆಯನ್ನು ಗೂಢಲಿಪಿಯ ಮೂಲಕ ಸ್ಥಳದಲ್ಲಿಯೇ ಪರೀಕ್ಷಿಸಿ, ನಿಷೇಧಿತ ಕಾರ್ಡುಗಳ ಪಟ್ಟಿಯಲ್ಲಿ ಅದು ಇಲ್ಲವೆಂದು ಖಚಿತಪಡಿಸಿಕೊಂಡು ತೆರೆದುಕೊಳ್ಳುತ್ತದೆ. ಪ್ರಯಾಣಿಕನು ಎಲ್ಲಿ, ಎಷ್ಟು ಗಂಟೆಗೆ ತಾಗಿಸಿದನೆಂಬ ಮಾಹಿತಿ ಕೇಂದ್ರ ಗಣಕ ವ್ಯವಸ್ಥೆಗೆ ರವಾನೆಯಾಗುತ್ತದೆ. ದಿನದ ಪ್ರಯಾಣಗಳೆಲ್ಲ ಮುಗಿದ ಬಳಿಕ ಪ್ರವೇಶ ಮತ್ತು ನಿರ್ಗಮನಗಳನ್ನು ಜೋಡಿಸಿ ದರವನ್ನು ನಿರ್ಣಯಿಸಲಾಗುತ್ತದೆ ಮತ್ತು ಒಟ್ಟು ಮೊತ್ತವನ್ನು ಒಂದೇ ಬಾರಿಗೆ ಬ್ಯಾಂಕಿನಿಂದ ಪಡೆಯಲಾಗುತ್ತದೆ. ಆಯ್‌ಸ್ಟರ್‌ನಲ್ಲಿ ಹಣದ ಲೆಕ್ಕವು ಕಾರ್ಡಿನಲ್ಲಿಯೇ ಇದ್ದರೆ, ಸಂಪರ್ಕರಹಿತ ಪಾವತಿಯಲ್ಲಿ ಲೆಕ್ಕವು ಸಂಸ್ಥೆಯ ಗಣಕದಲ್ಲಿರುತ್ತದೆ. ಫೋನು ಪ್ರಯಾಣಿಕನ ಗುರುತನ್ನು ಮಾತ್ರ ಒದಗಿಸುತ್ತದೆ.

ಗೇಟಿಗೆ ತಾಗಿಸುವ ಕ್ಷಣದಲ್ಲಿ ಫೋನಿಗೆ ಅಂತರಜಾಲ ಸಂಪರ್ಕ ಅಗತ್ಯವಿಲ್ಲ. ಹಾಗಾಗಿ ರೋಮಿಂಗ್ ಸೌಲಭ್ಯವಿಲ್ಲದ ಪ್ರವಾಸಿಗರೂ ಇದನ್ನು ಬಳಸಬಹುದು. ಆದರೆ ಫೋನಿಗೆ ಕಾರ್ಡನ್ನು ಮೊದಲ ಬಾರಿ ಸೇರಿಸುವಾಗ ಅಂತರಜಾಲ ಬೇಕಾಗುತ್ತದೆ. ಅನೇಕ ಬ್ಯಾಂಕುಗಳು ಆ ಹಂತದಲ್ಲಿ ಸ್ವದೇಶದ ಮೊಬೈಲ್ ಸಂಖ್ಯೆಗೆ ಒಟಿಪಿ ಕಳುಹಿಸುತ್ತವೆ. ಸ್ವದೇಶದ ಸಿಮ್ ಕೆಲಸ ಮಾಡದ ಕಡೆ ಒಟಿಪಿ ತಲುಪದಿರಬಹುದಾದ್ದರಿಂದ ಈ ಕೆಲಸವನ್ನು ಹೊರಡುವ ಮುನ್ನವೇ ಮುಗಿಸಿಕೊಳ್ಳುವುದು ಅನುಕೂಲಕರ.

## ಒಂದೇ ಸಾಧನದ ನಿಯಮ

ಕಾರ್ಡನ್ನು ಫೋನಿಗೆ ಸೇರಿಸಿದಾಗ ಕಾರ್ಡಿನ ಮೇಲೆ ಮುದ್ರಿತವಾದ ಸಂಖ್ಯೆಯು ಫೋನಿನಿಂದ ಗೇಟಿಗೆ ಹೋಗುವುದಿಲ್ಲ. ಸುರಕ್ಷತೆಗಾಗಿ ಅದರ ಬದಲು ಆ ಸಾಧನಕ್ಕೆಂದೇ ಮೀಸಲಾದ ಬೇರೊಂದು ಸಂಖ್ಯೆಯನ್ನು ಸೃಷ್ಟಿಸಲಾಗುತ್ತದೆ. ಇದನ್ನು ಟೋಕನ್ ಎನ್ನುತ್ತಾರೆ. ಅದೇ ಕಾರ್ಡನ್ನು ಕೈಗಡಿಯಾರಕ್ಕೂ ಸೇರಿಸಿದರೆ ಮೂರನೆಯ ಸಂಖ್ಯೆಯೊಂದು ಹುಟ್ಟುತ್ತದೆ. ಬ್ಯಾಂಕಿನ ಖಾತೆ ಒಂದೇ ಆಗಿದ್ದರೂ ಸಾರಿಗೆಯ ಗಣಕಕ್ಕೆ ಕಾರ್ಡು, ಫೋನು ಮತ್ತು ಕೈಗಡಿಯಾರ ಮೂವರು ಬೇರೆ ಬೇರೆ ಪ್ರಯಾಣಿಕರಂತೆ ಕಾಣುತ್ತವೆ.

ಈ ಕಾರಣದಿಂದ ಒಳಹೋಗುವಾಗ ಫೋನನ್ನು ಬಳಸಿ ಹೊರಬರುವಾಗ ಕಾರ್ಡನ್ನು ಬಳಸಿದರೆ, ಒಂದು ಪ್ರಯಾಣದ ಬದಲು ಎರಡು ಅಪೂರ್ಣ ಪ್ರಯಾಣಗಳು ದಾಖಲಾಗುತ್ತವೆ. ಅಪೂರ್ಣ ಪ್ರಯಾಣಕ್ಕೆ ಗರಿಷ್ಠ ದರ ವಿಧಿಸುವುದು ನಿಯಮವಾದ್ದರಿಂದ ಎರಡು ಬಾರಿ ಗರಿಷ್ಠ ದರ ಬೀಳಬಹುದು. ಒಂದೇ ಸಾಧನವನ್ನು ಇಬ್ಬರು ಒಟ್ಟಿಗೆ ಬಳಸಲೂ ಅವಕಾಶವಿಲ್ಲ. ದಂಪತಿಗಳಲ್ಲಿ ಒಬ್ಬರು ಫೋನನ್ನೂ ಇನ್ನೊಬ್ಬರು ಅದೇ ಖಾತೆಯ ಕಾರ್ಡನ್ನೂ ಬಳಸಬಹುದು, ಆದರೆ ಅದಲು ಬದಲು ಮಾಡಿಕೊಳ್ಳಬಾರದು. ಹಲವು ಕಾರ್ಡುಗಳಿರುವ ಪರ್ಸನ್ನು ಹಾಗೆಯೇ ರೀಡರ್‌ಗೆ ತಾಗಿಸಿದಾಗ ಉದ್ದೇಶಿಸದ ಕಾರ್ಡಿನಿಂದ ಹಣ ಹೋಗುವ ಸಾಧ್ಯತೆಯೂ ಇದೆ.

## ದರ ಮತ್ತು ಮಿತಿಗಳು

ರೈಲು ಪ್ರಯಾಣದ ದರವು ಹಾದುಹೋದ ವಲಯಗಳನ್ನೂ ಪ್ರಯಾಣದ ವೇಳೆಯನ್ನೂ ಅವಲಂಬಿಸಿದೆ. ಆದ್ದರಿಂದ ಒಳಹೋಗುವಾಗಲೂ ಹೊರಬರುವಾಗಲೂ ತಾಗಿಸುವುದು ಕಡ್ಡಾಯ. ಕೆಲವು ನಿಲ್ದಾಣಗಳಲ್ಲಿ ರೈಲು ಬದಲಿಸುವವರಿಗಾಗಿ ಗುಲಾಬಿ ಬಣ್ಣದ ರೀಡರ್‌ಗಳನ್ನು ಇರಿಸಲಾಗಿದೆ. ಅವುಗಳಿಗೆ ತಾಗಿಸಿದರೆ ಪ್ರಯಾಣಿಕನು ದುಬಾರಿಯಾದ ಕೇಂದ್ರ ವಲಯವನ್ನು ಹಾದುಹೋಗಿಲ್ಲವೆಂಬುದು ದಾಖಲಾಗಿ ಕಡಿಮೆ ದರ ಅನ್ವಯವಾಗುತ್ತದೆ.

ಬಸ್ಸಿನಲ್ಲಿ ಏಕರೂಪದ ದರವಿರುವುದರಿಂದ ಹತ್ತುವಾಗ ಮಾತ್ರ ತಾಗಿಸಬೇಕು, ಇಳಿಯುವಾಗ ತಾಗಿಸಬೇಕಿಲ್ಲ. ಈ ದರವನ್ನು 2023ರ ಮಾರ್ಚ್‌ನಲ್ಲಿ 1.75 ಪೌಂಡ್‌ಗೆ ಏರಿಸಲಾಯಿತು. ಮೊದಲ ಬಸ್ಸನ್ನು ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ಸು ಅಥವಾ ಟ್ರಾಮನ್ನು ಹತ್ತಿದರೆ ಮತ್ತೆ ದರ ತೆರಬೇಕಿಲ್ಲ. 2016ರಲ್ಲಿ ಆರಂಭವಾದ ಈ ರಿಯಾಯಿತಿಗೆ ಹಾಪರ್ ದರ ಎಂಬ ಹೆಸರಿದೆ.

ಒಂದು ದಿನದಲ್ಲಿ ಎಷ್ಟೇ ಬಾರಿ ಪ್ರಯಾಣಿಸಿದರೂ ನಿಗದಿತ ಮೊತ್ತಕ್ಕಿಂತ ಹೆಚ್ಚು ಹಣ ಕಡಿತವಾಗದಂತೆ ದೈನಂದಿನ ಮಿತಿಯನ್ನು ವಿಧಿಸಲಾಗಿದೆ. ಇಲ್ಲಿ ದಿನವೆಂದರೆ ಬೆಳಗಿನ ಜಾವ 4.30ರಿಂದ ಮರುದಿನ 4.29ರವರೆಗಿನ ಅವಧಿ. ಸೋಮವಾರದಿಂದ ಭಾನುವಾರದವರೆಗೆ ಸಾಪ್ತಾಹಿಕ ಮಿತಿಯೂ ಇದೆ. ಈ ಮಿತಿಗಳು ಸಾಧನವಾರು ಲೆಕ್ಕವಾಗುವುದರಿಂದ, ಬೆಳಿಗ್ಗೆ ಫೋನನ್ನೂ ಸಂಜೆ ಕಾರ್ಡನ್ನೂ ಬಳಸಿದವರಿಗೆ ಮಿತಿಯ ಲಾಭ ಪೂರ್ಣವಾಗಿ ದೊರೆಯುವುದಿಲ್ಲ. ಹೀತ್ರೂ ವಿಮಾನ ನಿಲ್ದಾಣದ ವೇಗದೂತ ರೈಲಾದ ಹೀತ್ರೂ ಎಕ್ಸ್‌ಪ್ರೆಸ್‌ನಲ್ಲಿಯೂ ಫೋನಿನಿಂದ ಪಾವತಿಸಬಹುದು, ಆದರೆ ಅದರ ದರವು ದೈನಂದಿನ ಮಿತಿಯೊಳಗೆ ಬರುವುದಿಲ್ಲ. ಅದೇ ನಿಲ್ದಾಣದಿಂದ ಹೊರಡುವ ಸುರಂಗ ರೈಲು ಮತ್ತು ಎಲಿಜಬೆತ್ ಮಾರ್ಗದ ರೈಲುಗಳಿಗೆ ಮಿತಿ ಅನ್ವಯಿಸುತ್ತದೆ.

## ಪ್ರವಾಸಿಗರಿಗೆ ಎದುರಾಗುವ ತೊಡಕುಗಳು

ಡಿಎಲ್‌ಆರ್‌ನ ಬಹುತೇಕ ನಿಲ್ದಾಣಗಳಲ್ಲಿ ಗೇಟುಗಳಿಲ್ಲ, ರೀಡರ್ ಕಂಬಗಳು ಮಾತ್ರ ಇವೆ. ಗ್ರೀನಿಚ್‌ನಂತಹ ಪ್ರವಾಸಿ ತಾಣಗಳಿಗೆ ಈ ರೈಲಿನಲ್ಲಿ ಹೋಗುವವರನ್ನು ಯಾವ ಗೇಟೂ ತಡೆಯದಿರುವುದರಿಂದ ಹೊರಬರುವಾಗ ತಾಗಿಸಲು ಮರೆಯುವುದುಂಟು. ಆಗ ಪ್ರಯಾಣ ಅಪೂರ್ಣವಾಗಿ ಗರಿಷ್ಠ ದರ ಬೀಳುತ್ತದೆ. ಟಿಎಫ್‌ಎಲ್ ಜಾಲತಾಣದಲ್ಲಿ ಖಾತೆ ತೆರೆದು ಪ್ರಯಾಣದ ವಿವರ ನೀಡಿ ಹೆಚ್ಚುವರಿ ಹಣವನ್ನು ಮರಳಿ ಕೇಳಬಹುದು.

ಪ್ರಯಾಣದ ಮಧ್ಯದಲ್ಲಿ ಫೋನಿನ ಚಾರ್ಜ್ ಮುಗಿದರೆ ಎರಡು ಬಗೆಯ ತೊಂದರೆ ಉಂಟಾಗುತ್ತದೆ. ಹೊರಬರುವಾಗ ತಾಗಿಸಲಾಗದೆ ಗರಿಷ್ಠ ದರ ಬೀಳಬಹುದು. ತಪಾಸಣಾ ಸಿಬ್ಬಂದಿ ಕೇಳಿದಾಗ ಪಾವತಿಯನ್ನು ತೋರಿಸಲಾಗದೆ ದಂಡಕ್ಕೂ ಗುರಿಯಾಗಬಹುದು. ಕೆಲವು ಐಫೋನ್ ಮಾದರಿಗಳಲ್ಲಿ ಚಾರ್ಜ್ ತೀರಿದ ನಂತರವೂ ಐದು ಗಂಟೆಗಳವರೆಗೆ, ಎಕ್ಸ್‌ಪ್ರೆಸ್ ವಿಧಾನದಲ್ಲಿ ಗುರುತಿಸಿಟ್ಟ ಕಾರ್ಡು ಕೆಲಸ ಮಾಡುವ ಸೌಲಭ್ಯವಿದೆ. ಈ ವಿಧಾನದಲ್ಲಿ ಫೋನಿನ ಬೀಗ ತೆರೆಯದೆಯೇ ಗೇಟಿಗೆ ತಾಗಿಸಬಹುದು.

11ರಿಂದ 15 ವರ್ಷದ ಮಕ್ಕಳು ಫೋನು ಅಥವಾ ಬ್ಯಾಂಕ್ ಕಾರ್ಡಿನಿಂದ ಪಾವತಿಸಿದರೆ ವಯಸ್ಕರ ಪೂರ್ಣ ದರ ಅನ್ವಯವಾಗುತ್ತದೆ. ಅವರಿಗೆ ಯುವ ಪ್ರವಾಸಿ ರಿಯಾಯಿತಿಯುಳ್ಳ ಆಯ್‌ಸ್ಟರ್ ಕಾರ್ಡು ಹೆಚ್ಚು ಅಗ್ಗವಾಗಿದೆ. ಇದಲ್ಲದೆ ಪೌಂಡ್‌ನಲ್ಲಿ ನಡೆದ ವ್ಯವಹಾರಕ್ಕೆ ಪ್ರವಾಸಿಗರ ಬ್ಯಾಂಕು ತನ್ನ ವಿದೇಶಿ ವಿನಿಮಯ ಶುಲ್ಕವನ್ನು ಸೇರಿಸಬಹುದು.

## ಭಾರತೀಯ ಪ್ರಯಾಣಿಕರು

ಭಾರತದಲ್ಲಿ ಮೊಬೈಲ್ ಪಾವತಿ ಎಂದರೆ ಮುಖ್ಯವಾಗಿ ಯುಪಿಐ. ಇದು ಕ್ಯೂಆರ್ ಸಂಕೇತ ಅಥವಾ ಮೊಬೈಲ್ ಸಂಖ್ಯೆಯ ಮೂಲಕ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ವರ್ಗಾಯಿಸುವ ಪದ್ಧತಿ. ಲಂಡನ್ನಿನ ಗೇಟುಗಳು ಬ್ಯಾಂಕ್ ಕಾರ್ಡಿನ ಮಾನದಂಡವನ್ನು ಓದುವುದರಿಂದ ಯುಪಿಐ ಅಲ್ಲಿ ಕೆಲಸ ಮಾಡುವುದಿಲ್ಲ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ 2022ರಿಂದ ಫೋನಿನ ಕ್ಯೂಆರ್ ಟಿಕೆಟ್ ಬಳಕೆಯಲ್ಲಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನೂ ಅಲ್ಲಿ ಬಳಸಬಹುದು. ಈ ಕಾರ್ಡಿನ ಚಿಪ್‌ನಲ್ಲಿ ಮುಂಗಡವಾಗಿ ತುಂಬಿದ ಹಣ ಲಂಡನ್ನಿನ ಗೇಟಿನಲ್ಲಿ ಬಳಕೆಗೆ ಬರುವುದಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ಸಂಪರ್ಕರಹಿತ ಬಳಕೆ ಆರಂಭದಲ್ಲಿ ಸ್ಥಗಿತವಾಗಿರುತ್ತವೆ. ಬ್ಯಾಂಕಿನ ಆ್ಯಪ್ ಅಥವಾ ಇತರ ಮಾರ್ಗಗಳಿಂದ ಇವೆರಡನ್ನೂ ಕಾರ್ಡುದಾರರೇ ಸಕ್ರಿಯಗೊಳಿಸಬೇಕು. ಒಂದನ್ನು ಬಿಟ್ಟರೂ ಗೇಟಿನಲ್ಲಿ ಕಾರ್ಡು ತಿರಸ್ಕೃತವಾಗಬಹುದು. ಆಪಲ್ ಪೇ ಸೇವೆ 2024ರ ಅಂತ್ಯದವರೆಗೂ ಭಾರತದಲ್ಲಿ ಆರಂಭವಾಗಿರಲಿಲ್ಲ. 2024ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ಗೂಗಲ್ ವಾಲೆಟ್ ಟಿಕೆಟ್ ಹಾಗೂ ಪಾಸುಗಳನ್ನು ಇರಿಸಿಕೊಳ್ಳಲು ಮಾತ್ರ ಅವಕಾಶ ನೀಡಿತು. ಹೀಗಾಗಿ ಭಾರತದಿಂದ ಹೋಗುವ ಅನೇಕರು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಸಂಪರ್ಕರಹಿತ ಕಾರ್ಡನ್ನೋ ವಿದೇಶಿ ವಿನಿಮಯದ ಪ್ರೀಪೇಯ್ಡ್ ಕಾರ್ಡನ್ನೋ ನೇರವಾಗಿ ಬಳಸುತ್ತಾರೆ. ಆಪಲ್ ಪೇ ಲಭ್ಯವಿರುವ ದೇಶಗಳಲ್ಲಿ ನೆಲೆಸಿ ಅಲ್ಲಿನ ಬ್ಯಾಂಕುಗಳ ಕಾರ್ಡು ಹೊಂದಿರುವ ಕನ್ನಡಿಗರಿಗೆ ಈ ಅಡಚಣೆಯಿಲ್ಲ.

## ಇತರ ನಗರಗಳಲ್ಲಿ

ನ್ಯೂಯಾರ್ಕ್ ನಗರದಲ್ಲಿ 2019ರಲ್ಲಿ ಓಮ್ನಿ ಎಂಬ ಇಂತಹದೇ ವ್ಯವಸ್ಥೆ ಆರಂಭವಾಯಿತು. ಅಲ್ಲಿನ ಸುರಂಗ ರೈಲಿನಲ್ಲಿ ಏಕರೂಪದ ದರವಿರುವುದರಿಂದ ಪ್ರವೇಶಿಸುವಾಗ ತಾಗಿಸಿದರೆ ಸಾಕು. ಸಿಂಗಪುರದ ಸಿಂಪ್ಲಿಗೋ ವ್ಯವಸ್ಥೆಯಲ್ಲಿ ದೂರಕ್ಕೆ ಅನುಗುಣವಾದ ದರವಿದ್ದು, ಬಸ್ಸಿನಿಂದ ಇಳಿಯುವಾಗಲೂ ತಾಗಿಸಬೇಕು. ಲಂಡನ್ನಿನ ಅಭ್ಯಾಸದಲ್ಲಿ ಅಲ್ಲಿಗೆ ಹೋದವರು ಇದನ್ನು ಮರೆಯುವ ಸಂಭವವಿದೆ. ವಿದೇಶಿ ಕಾರ್ಡುಗಳಿಗೆ ಅಲ್ಲಿ ಆಡಳಿತ ಶುಲ್ಕವನ್ನೂ ವಿಧಿಸಲಾಗುತ್ತದೆ.

ಜಪಾನಿನಲ್ಲಿ 2001ರಿಂದ ಬಳಕೆಯಲ್ಲಿರುವ ಸುಯಿಕಾ ಕಾರ್ಡು ಸೋನಿ ಸಂಸ್ಥೆಯ ಫೆಲಿಕಾ ಎಂಬ ಭಿನ್ನ ತಂತ್ರಜ್ಞಾನವನ್ನು ಆಧರಿಸಿದೆ. ಐಫೋನ್ 8 ಮತ್ತು ಆ ನಂತರದ ಮಾದರಿಗಳು ಯಾವ ದೇಶದಲ್ಲಿ ಕೊಂಡಿದ್ದರೂ ಇದಕ್ಕೆ ಹೊಂದಿಕೊಳ್ಳುತ್ತವೆ. ಜಪಾನಿನ ಹೊರಗೆ ಮಾರಾಟವಾದ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೊಬೈಲ್ ಸುಯಿಕಾ ಕೆಲಸ ಮಾಡುವುದಿಲ್ಲ.

## ಸುರಕ್ಷತೆ ಮತ್ತು ಟೀಕೆಗಳು

2021ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಸರ್ರೆ ವಿಶ್ವವಿದ್ಯಾಲಯಗಳ ಸಂಶೋಧಕರು ಐಫೋನಿನ ಎಕ್ಸ್‌ಪ್ರೆಸ್ ವಿಧಾನದಲ್ಲಿ ವೀಸಾ ಕಾರ್ಡನ್ನು ಇರಿಸಿದಾಗ ಉಂಟಾಗುವ ದೋಷವೊಂದನ್ನು ತೋರಿಸಿದರು. ರೈಲು ನಿಲ್ದಾಣದ ಗೇಟನ್ನು ಅನುಕರಿಸುವ ಉಪಕರಣದಿಂದ, ಬೀಗ ಹಾಕಿದ ಫೋನಿನಿಂದಲೂ ದೊಡ್ಡ ಮೊತ್ತವನ್ನು ಪಡೆಯಬಹುದೆಂದು ಅವರು ಪ್ರಯೋಗದ ಮೂಲಕ ನಿರೂಪಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಟಿಎಫ್‌ಎಲ್‌ನ ಗಣಕ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದಾಗ ರೈಲುಗಳು ಎಂದಿನಂತೆ ಓಡಿದರೂ, ಸಂಪರ್ಕರಹಿತ ಪ್ರಯಾಣಗಳ ವಿವರವನ್ನು ಜಾಲತಾಣದಲ್ಲಿ ನೋಡುವ ಸೌಲಭ್ಯ ಕೆಲಕಾಲ ನಿಂತಿತ್ತು.

ಬ್ಯಾಂಕ್ ಖಾತೆಯಾಗಲಿ ಸೂಕ್ತ ಫೋನಾಗಲಿ ಇಲ್ಲದವರನ್ನು ಇಂತಹ ವ್ಯವಸ್ಥೆಗಳು ಹಿಂದೆ ಬಿಡುತ್ತವೆ ಎಂಬುದು ಮುಖ್ಯ ಟೀಕೆಯಾಗಿದೆ. ದರ ಗೊತ್ತಾಗುವುದು ದಿನದ ಕೊನೆಯಲ್ಲಾದ್ದರಿಂದ, ತಪ್ಪಾಗಿ ಬಿದ್ದ ಗರಿಷ್ಠ ದರವು ಪ್ರವಾಸಿಗರ ಗಮನಕ್ಕೆ ಬರುವ ವೇಳೆಗೆ ಅವರು ಸ್ವದೇಶಕ್ಕೆ ಮರಳಿರುವುದೂ ಉಂಟು. ಲಂಡನ್ನಿನಲ್ಲಿ ಮುಂಗಡ ಪಾವತಿಯ ಆಯ್‌ಸ್ಟರ್ ಕಾರ್ಡನ್ನು ಸಂಪರ್ಕರಹಿತ ಪಾವತಿಯ ಜೊತೆಗೆ ಉಳಿಸಿಕೊಳ್ಳಲಾಗಿದ್ದು, ಅದಕ್ಕೆ ನಗದಿನಲ್ಲಿಯೂ ಹಣ ತುಂಬಿಸಬಹುದು.