ಪರದೇಶದಿಂದ ಬಂದ ಪಾಠ, ಅಲ್ಲಿಯೇ ಉಳಿದ ಉಳಿತಾಯ

ಮಳೆಯನ್ನೇ ನೆಚ್ಚಿ ಮೆಕ್ಕೆಜೋಳ, ಶೇಂಗಾ ಬೆಳೆಯುವ ಜಗಳೂರು ತಾಲ್ಲೂಕಿನಲ್ಲಿ ಸಾಲವೆಂಬುದು ಮನೆಮನೆಯೂ ಬಲ್ಲ ಮಾತು. ಬಿತ್ತನೆಗೆ ಸಾಲ, ಮದುವೆಗೆ ಸಾಲ, ಆಸ್ಪತ್ರೆಗೆ ಸಾಲ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಬಯಲುಸೀಮೆಯ ನಮ್ಮ ಕುಟುಂಬಗಳೂ ಇದಕ್ಕೆ ಹೊರತಲ್ಲ. ಗುಂಪು ಸೇರಿ ಕಂತು ಕಟ್ಟುವ ಪದ್ಧತಿ ಇಂದು ಹಳ್ಳಿಗಳಲ್ಲಿ ಬೇರೂರಿದೆ. ಇದು ಎಲ್ಲಿಂದ ಬಂತು, ತಂದವರು ಏನನ್ನು ತಂದರು, ಏನನ್ನು ಬಿಟ್ಟು ಬಂದರು ಎಂಬುದನ್ನು ನಾವು ಅರಿಯುವುದು ಒಳಿತು.

ಬಡವರ ಸಾಲದ ವಿಷಯ ತಿಳಿಯಲು ಪರದೇಶಕ್ಕೆ ಹೋಗಿಬರುವುದು ಹೊಸತೇನಲ್ಲ. 1892ರಲ್ಲಿ ಮದರಾಸು ಸರ್ಕಾರವು ಫ್ರೆಡರಿಕ್ ನಿಕೊಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ಕೃಷಿ ಬ್ಯಾಂಕುಗಳ ಅಧ್ಯಯನಕ್ಕೆ ನೇಮಿಸಿತು. ಜರ್ಮನಿಯ ರೈಫೈಸನ್ ಕಟ್ಟಿದ ಗ್ರಾಮ ಸಂಘಗಳು ಅವರ ಮನಸ್ಸನ್ನು ಸೆಳೆದವು. ಅಲ್ಲಿ ಒಂದೇ ಸೀಮೆಯ, ಒಬ್ಬರನ್ನೊಬ್ಬರು ಬಲ್ಲ ಜನರೇ ಸದಸ್ಯರು. ಸಂಘದ ಸಾಲಕ್ಕೆ ಎಲ್ಲರೂ ಹೊಣೆ. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಸ್ಥಾಪಿಸಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರ ಬ್ಯಾಂಕನ್ನು ಆರಂಭಿಸಿದರು.

ಮುಂದೆ ಜಗತ್ತಿನ ದೃಷ್ಟಿ ಬಾಂಗ್ಲಾದೇಶದತ್ತ ಹೊರಳಿತು. ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಗ್ರಾಮದಲ್ಲಿ ಆರಂಭಿಸಿದ ಪ್ರಯೋಗವು 1983ರಲ್ಲಿ ಗ್ರಾಮೀಣ ಬ್ಯಾಂಕಾಯಿತು. ನಾನಾ ದೇಶಗಳ ಬ್ಯಾಂಕ್ ಅಧಿಕಾರಿಗಳೂ ಸೇವಾಸಂಸ್ಥೆಗಳವರೂ ಅಲ್ಲಿಗೆ ಹೋದರು. ಐವರ ಗುಂಪು, ಅಡಮಾನವಿಲ್ಲದ ಸಾಲ, ವಾರದ ಕಂತು ಇವುಗಳನ್ನು ಕಂಡು ಬಂದರು. ಆ ಮಹಿಳೆಯರು ಕಂತಿನ ಜೊತೆಗೆ ತಮ್ಮ ಉಳಿತಾಯವನ್ನೂ ಕಟ್ಟುತ್ತಿದ್ದರೆಂಬುದು ಗಮನಾರ್ಹ.

ನಮ್ಮ ರಾಜ್ಯದಲ್ಲಿಯೂ ಅದೇ ಕಾಲದಲ್ಲಿ ಇನ್ನೊಂದು ದಾರಿ ತೆರೆಯಿತು. 1980ರ ದಶಕದ ನಡುವೆ ಮೈರಾಡ ಸಂಸ್ಥೆಯ ಕಾರ್ಯಕ್ಷೇತ್ರದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯುಳ್ಳವರು ಚಿಕ್ಕ ಗುಂಪುಗಳಾದರು. ಅವರು ಮೊದಲು ತಾವೇ ಉಳಿಸಿದರು. ಯಾರಿಗೆ ಸಾಲ, ಎಷ್ಟು ಬಡ್ಡಿ ಎಂಬುದನ್ನು ತಾವೇ ನಿರ್ಧರಿಸಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಕೈಗೊಂಡಿತು.

ತರುವಾಯ ಬೆಳೆದ ಕಿರುಸಾಲ ಕಂಪನಿಗಳು ಬಾಂಗ್ಲಾದೇಶದ ಗುಂಪನ್ನೂ ಕಂತನ್ನೂ ತಂದವು. ಉಳಿತಾಯ ಮಾತ್ರ ಅಲ್ಲಿಯೇ ಉಳಿಯಿತು. ಏಕೆಂದರೆ ಇಂತಹ ಕಂಪನಿಗಳು ಜನರಿಂದ ಠೇವಣಿ ಸ್ವೀಕರಿಸುವಂತಿಲ್ಲ. ಉಳಿತಾಯವಿಲ್ಲದ ಮನೆಯಲ್ಲಿ ಮಳೆ ಕೈಕೊಟ್ಟಿತೆಂದರೆ ಒಂದು ಕಂತನ್ನು ತೀರಿಸಲು ಮತ್ತೊಂದು ಸಾಲವೇ ಗತಿ. ನೆರೆಯವರ ಹೊಣೆಗಾರಿಕೆಯೆಂಬ ಆಸರೆಯೇ ಆಗ ಬಾಗಿಲಲ್ಲಿ ನಿಂತ ಅವಮಾನವಾಗುತ್ತದೆ. 2010ರಲ್ಲಿ ಆಂಧ್ರಪ್ರದೇಶ ಈ ಸಂಕಟವನ್ನು ಕಂಡಿತು. ನಮ್ಮಲ್ಲಿಯೂ ವಸೂಲಿಯ ಕಿರುಕುಳದ ದೂರುಗಳು ಹೆಚ್ಚಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕುಟುಂಬವೊಂದರ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ವಿಧಿಸಿದೆ.

ಆದುದರಿಂದ ಗುಂಪೊಂದನ್ನು ಸೇರುವ ಮುನ್ನ ನಮ್ಮ ತಾಯಂದಿರೂ ಸಹೋದರಿಯರೂ ಮೂರು ಪ್ರಶ್ನೆಗಳನ್ನು ಕೇಳಲಿ. ಇಲ್ಲಿ ನಮ್ಮ ಉಳಿತಾಯವಿದೆಯೇ? ಸಾಲದ ತೀರ್ಮಾನ ಯಾರದು? ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? ಈ ಪಾಠಕ್ಕಾಗಿ ಢಾಕಾ ಅಥವಾ ಜರ್ಮನಿಗೆ ಹೋಗಬೇಕಾಗಿಲ್ಲ. ಚೆನ್ನಾಗಿ ನಡೆಯುವ ಸ್ವಸಹಾಯ ಸಂಘ ನೆರೆಯ ಊರಿನಲ್ಲಿದ್ದರೆ ಅದರ ಒಂದು ಸಭೆಗೆ ಹೋಗಿ ಕುಳಿತು, ಅದರ ಪುಸ್ತಕವನ್ನು ಓದಿ ಬಂದರೂ ಸಾಕು. ಹನಿಗೂಡಿದರೆ ಹಳ್ಳವೆಂಬ ಹಿರಿಯರ ಮಾತು ಮಳೆ ಕಡಿಮೆಯಾದ ಸೀಮೆಗೇ ಹೆಚ್ಚು ಸಲ್ಲುತ್ತದೆ.