ಪ್ರತಿಕಾಯಗಳ ಸಾಕ್ಷ್ಯ

ಮಳೆ ನಿಂತ ಮೇಲೆ ಅಂಗಳದ ಕೆಸರಿನಲ್ಲಿ ಹೆಜ್ಜೆಗುರುತು ಕಂಡರೆ ಯಾರೋ ಬಂದರೆಂದು ತಿಳಿಯುತ್ತೇವೆ. ಆದರೆ ಬಂದವನು ಹೋದನೋ, ಬಾಗಿಲ ಮರೆಯಲ್ಲಿಯೇ ಇರುವನೋ ಎಂಬುದನ್ನು ಆ ಗುರುತು ಹೇಳಲಾರದು. ಸಾಂಕ್ರಾಮಿಕ ರೋಗದ ಕಾಲದಲ್ಲಿ ನಡೆಸುವ ಪ್ರತಿಕಾಯ ಪರೀಕ್ಷೆಯೂ ಇಂಥದೇ.

ವೈರಾಣುವೊಂದು ಶರೀರವನ್ನು ಹೊಕ್ಕಾಗ ಅದನ್ನು ಎದುರಿಸಲು ದೇಹವು ವಿಶಿಷ್ಟವಾದ ಪ್ರೋಟೀನುಗಳನ್ನು ನಿರ್ಮಿಸುತ್ತದೆ. ಇವೇ ಪ್ರತಿಕಾಯಗಳು. ಇವು ರಕ್ತದಲ್ಲಿ ಗೋಚರವಾಗಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಆದುದರಿಂದ ಸೋಂಕಿನ ಮೊದಲ ದಿನಗಳಲ್ಲಿ, ರೋಗವು ಇತರರಿಗೆ ಹರಡುವ ಹೊತ್ತಿನಲ್ಲಿಯೇ, ಪರೀಕ್ಷೆಯು 'ಇಲ್ಲ' ಎನ್ನಬಹುದು. ಜಯನಗರದ ತರುಣನೊಬ್ಬನು ಆ ಉತ್ತರವನ್ನು ನಂಬಿ ಬನಶಂಕರಿಯಲ್ಲಿರುವ ವೃದ್ಧ ತಾಯಿಯನ್ನು ಕಾಣಲು ಹೋದನೆಂದು ಭಾವಿಸಿರಿ. ಅವನ ನಿಶ್ಚಿಂತೆಯೇ ತಾಯಿಯ ಪ್ರಾಣಕ್ಕೆ ಎರವಾದೀತು.

ಹಾಗಾದರೆ ಈ ಪರೀಕ್ಷೆ ನಿರರ್ಥಕವೆ? ಖಂಡಿತ ಅಲ್ಲ. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಎಲ್ಲ ಜಿಲ್ಲೆಗಳಲ್ಲಿಯೂ ಬೆಂಗಳೂರಿನ ವಲಯಗಳಲ್ಲಿಯೂ ಕೋವಿಡ್ ಸಮೀಕ್ಷೆಯನ್ನು ನಡೆಸಿತು. ಆಗ ರಾಜ್ಯದಲ್ಲಿ ದಾಖಲಾಗಿದ್ದ ರೋಗಿಗಳು ಐದು ಲಕ್ಷಕ್ಕಿಂತ ಕಡಿಮೆ. ಆದರೆ ಸುಮಾರು 7 ಕೋಟಿ ಜನರಲ್ಲಿ 1.93 ಕೋಟಿ ಮಂದಿಗೆ ಸೋಂಕು ತಗುಲಿರಬೇಕೆಂದು ಸಮೀಕ್ಷೆ ಅಂದಾಜು ಮಾಡಿತು. ಅರಿವಿಗೆ ಬಾರದೆ ರೋಗವು ಎಷ್ಟು ವ್ಯಾಪಿಸಿತ್ತೆಂಬುದು ಹೀಗೆ ತಿಳಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ತಜ್ಞರು ಅಲ್ಲಿ ಪ್ರತಿಕಾಯ ಪರೀಕ್ಷೆಯೊಂದನ್ನೇ ನೆಚ್ಚಲಿಲ್ಲ; ಮೂಗು ಗಂಟಲುಗಳ ದ್ರವದಲ್ಲಿ ವೈರಾಣುವನ್ನೇ ಅರಸುವ ಆರ್‌ಟಿ-ಪಿಸಿಆರ್ ಪರೀಕ್ಷೆಯನ್ನೂ ಜೊತೆಗಿರಿಸಿಕೊಂಡರು. ಒಂದು ನಿನ್ನೆಯ ಕತೆಯನ್ನು ಹೇಳಿದರೆ ಇನ್ನೊಂದು ಇಂದಿನ ಸ್ಥಿತಿಯನ್ನು ಹೇಳುತ್ತದೆ.

'ಇದೆ' ಎಂಬ ಉತ್ತರವನ್ನೂ ವಿವೇಚಿಸಿಯೇ ಸ್ವೀಕರಿಸಬೇಕು. 1,000 ಜನರ ಬಡಾವಣೆಯೊಂದರಲ್ಲಿ 20 ಮಂದಿಗೆ ಮಾತ್ರ ಸೋಂಕು ತಗುಲಿದೆಯೆನ್ನೋಣ. ಸೋಂಕಿಲ್ಲದ ಪ್ರತಿ 100 ಮಂದಿಯಲ್ಲಿ 5 ಮಂದಿಗೆ ಪರೀಕ್ಷೆಯು ತಪ್ಪಾಗಿ 'ಇದೆ' ಎನ್ನುವುದಾದರೆ, ಉಳಿದ 980 ಜನರಲ್ಲಿ 49 ಮಂದಿಗೆ ಸುಳ್ಳು ಉತ್ತರ ದೊರೆಯುತ್ತದೆ. ನಿಜವಾದ 'ಇದೆ' ಹೆಚ್ಚೆಂದರೆ 20. ಸುಳ್ಳು 'ಇದೆ' 49! ತಪ್ಪಿನ ಪ್ರಮಾಣ ತಿಳಿದಿದ್ದರೆ ಊರಿನ ಲೆಕ್ಕವನ್ನು ತಿದ್ದಬಹುದು. ಆದರೆ ಆ 49 ಮಂದಿ ಯಾರೆಂದು ಗುರುತಿಸುವುದು ಹೇಗೆ? ಅವರು ತಮಗಿನ್ನು ಭಯವಿಲ್ಲವೆಂದು ಎಚ್ಚರ ತಪ್ಪಿ ನಡೆದರೆ ಅನರ್ಥವಾಗದಿರದು. ಪ್ರತಿಕಾಯಗಳು ನಿಜವಾಗಿ ಇದ್ದರೂ ಕಾಲಕ್ರಮದಲ್ಲಿ ಕುಗ್ಗಬಹುದು. ಮತ್ತೆ ಸೋಂಕು ತಗಲದೆಂಬ ಅಭಯಪತ್ರ ಅವಲ್ಲ.

ಪರೀಕ್ಷೆಯ ಉತ್ತರವನ್ನು ಓದುವ ಮೊದಲು ನಾವು ಕೇಳಿದ ಪ್ರಶ್ನೆ ಯಾವುದೆಂಬುದನ್ನು ಅರಿಯಬೇಕು. 'ಊರಿನಲ್ಲಿ ರೋಗ ಎಷ್ಟು ಹರಡಿತು?' ಎಂದು ಕೇಳಿದರೆ ಪ್ರತಿಕಾಯಗಳು ಒಳ್ಳೆಯ ಸಾಕ್ಷಿಗಳು. 'ನಾನು ಇಂದು ತಾಯಿಯ ಬಳಿ ಹೋಗಬಹುದೆ?' ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.